ಹೆಂಗಸರ ವಿಭಾಗ

"ನಿಜ ಹೇಳು ಗೌರಾ, ಮಗು ದೊಡ್ಡವಳಾಗಿ ಎಷ್ಟು ದಿನ ಆಯ್ತು?" ಎಂದು ಮುನಿವೆಂಕಟಮ್ಮ ಸೊಸೆಯನ್ನು ಒಲೆಯ ಮುಂದೆಯೇ ಅಡ್ಡಗಟ್ಟಿದಳು.

ಗೌರಮ್ಮ ಕಾವಲಿಯ ಮೇಲಿನ ದೋಸೆಯಿಂದ ಕಣ್ಣೆತ್ತಲಿಲ್ಲ. "ಇನ್ನೂ ಆಗಿಲ್ಲ ಅತ್ತೆ. ಆಗಿದ್ರೆ ಹೇಳ್ದೆ ಇರ್ತಿದ್ನಾ?"

"ಇದ್ರೂ ಇರ್ತಿದ್ದೆ ಬಿಡು. ನಿನ್ನ ನಾ ಕಾಣೆನಾ?"

ಮುದುಕಿಯ ಅನುಮಾನ ಸುಮ್ಮನೆ ಹುಟ್ಟಿದ್ದಲ್ಲ. ಮೊಮ್ಮಗಳು ಸರ್ವಮಂಗಳೆಗೆ ಯುಗಾದಿಗೆ ಹದಿನೈದು ತುಂಬಿತ್ತು. ಯಡಿಯೂರಿನ ಆ ಬೀದಿಯಲ್ಲಿ ಅವಳ ಓರಗೆಯವರಿಗೆಲ್ಲ ಮೈನೆರೆದ ಒಸಗೆಯಾಗಿ, ಸೋದರಮಾವಂದಿರು ಹಸಿರು ಸೊಪ್ಪಿನ ಗುಡ್ಲು ಹಾಕಿ, ನಂಟರಿಷ್ಟರಿಗೆ ಊಟ ಬಡಿಸಿದ್ದೂ ಆಗಿತ್ತು. ಇವರ ಮನೆಯಲ್ಲಿ ಮಾತ್ರ ಸದ್ದಿಲ್ಲ. ಯಾಕಿದ್ದೀತು? ಎಲ್ಲ ಆ ಹಾಳು ಸ್ಕೇಟಿಂಗಿಗಾಗಿ! ಏಷ್ಯಾಡಿನ ವರ್ಷ ಟೀವಿ ನೋಡಿ ನೋಡಿ ಸೊಸೆಗೆ ಹತ್ತಿದ ಆಟೋಟದ ಹುಚ್ಚು ಅದು. ಜಯನಗರದ ಸಿಮೆಂಟು ಅಂಗಳದಲ್ಲಿ ಹುಡುಗಿ ಚಕ್ರದ ಬೂಟು ಕಟ್ಟಿಕೊಂಡು, ಮೇಲಕ್ಕೆ ಹಾರಿ, ಗಾಳಿಯಲ್ಲೇ ಬುಗುರಿಯ ಹಾಗೆ ಸುತ್ತಿ ಕೆಳಗಿಳಿಯುತ್ತಿದ್ದಳು. ಭಾನುವಾರ ರಾಜ್ಯದ ಪಂದ್ಯವಂತೆ. ಒಸಗೆಯಾದರೆ ದಿನಗಟ್ಟಲೆ ಮೂಲೆಯಲ್ಲಿ ಕೂರಬೇಕು, ಆಮೇಲೆ ಹತ್ತು ಜನರ ಮುಂದೆ ಹಾರುವುದಕ್ಕೆ ಅಪ್ಪನೇ ಬಿಡುವುದಿಲ್ಲ. ಅದಕ್ಕೇ ಸೊಸೆ ವಿಷಯವನ್ನು ನುಂಗಿ ನೀರು ಕುಡಿದಿದ್ದಾಳೆ ಎಂದು ಅತ್ತೆಯ ಲೆಕ್ಕ. ಸಂಜೆಯಾದರೆ ತಾಯಿ ಮಗಳು ಕೋಣೆ ಸೇರಿ ಚಿಲಕ ಹಾಕಿಕೊಳ್ಳುತ್ತಿದ್ದುದೂ ಅದಕ್ಕೇ ಇರಬೇಕು. ಬಾಗಿಲಿಗೆ ಕಿವಿ ಕೊಟ್ಟರೆ ಬರೀ ಪಿಸುಪಿಸು. ಹಿತ್ತಲಿನ ತಂತಿಯ ಮೇಲೆ ಒಣಗುವ ಬಟ್ಟೆಗಳ ಮೇಲೂ ಮುದುಕಿ ಕಣ್ಣಿಟ್ಟು ನೋಡಿದ್ದಳು, ಏನೂ ಗಿಟ್ಟಿರಲಿಲ್ಲ.

ಆ ಮಧ್ಯಾಹ್ನ ಗೌರಮ್ಮ ಸೀಮೆಎಣ್ಣೆಯ ಕ್ಯೂಗೆ ಹೋದದ್ದೇ ತಡ, ಮುನಿವೆಂಕಟಮ್ಮ ಒರಳಿಗೆ ಎಳ್ಳು ಬೆಲ್ಲ ಹಾಕಿ ಕುಟ್ಟಿ ಚಿಗಳಿ ಉಂಡೆ ಕಟ್ಟಿದಳು. ದೊಡ್ಡವಳಾದ ಹುಡುಗಿಗೆ ತಿನ್ನಿಸುವುದೇ ಅದನ್ನು. ಅದು ಅಲ್ಲಿನ ಎಲ್ಲ ಹೆಣ್ಣುಮಕ್ಕಳಿಗೂ ಗೊತ್ತು. ಕಂಡ ಕೂಡಲೇ ನಾಚಿ ತಲೆ ತಗ್ಗಿಸಿದಳೋ, ಸಿಕ್ಕಿಬಿದ್ದಳು ಅಂತಲೇ ಲೆಕ್ಕ!

"ತಗೋ ನನ್ನವ್ವ," ಎಂದು ಹಿತ್ತಲಿನ ಕಲ್ಲಿನ ಮೇಲೆ ಮೊಮ್ಮಗಳನ್ನು ಕೂರಿಸಿ ತಟ್ಟೆ ಮುಂದಿಟ್ಟು, ಅವಳ ಮುಖವನ್ನೇ ನೋಡಿದಳು.

ಹುಡುಗಿ ನಾಚಲಿಲ್ಲ. ಬಾಗಿಲ ಕಡೆ ಒಮ್ಮೆ ನೋಡಿ, ಇಡೀ ಉಂಡೆಯನ್ನು ಬಾಯಿಗೆ ತುರುಕಿಕೊಂಡಳು. ಅದು ಗಂಟಲಿಳಿಯುವ ಮೊದಲೇ ಇನ್ನೊಂದು. ಉದುರಿದ ಪುಡಿಯನ್ನೂ ಬೆರಳು ಒದ್ದೆ ಮಾಡಿಕೊಂಡು ಬಳಿದಳು. ನಾಲ್ಕು ಮನೆ ಬಾಡಿಗೆಗೆ ಕೊಟ್ಟು ಉಂಡುಡುವ ಮನೆಯ ಮಗು ಹೀಗೆ ತಿನ್ನುವುದುಂಟೇ?

"ಯಾಕವ್ವಾ, ನಿಮ್ಮಮ್ಮ ಊಟ ಹಾಕ್ಲಿಲ್ವಾ?"

"ಸೌತೆಕಾಯಿ ತಿಂದೆ. ಅಮ್ಮಂಗೆ ಹೇಳ್ಬೇಡ ಅಜ್ಜಿ. ಸೊಂಟಕ್ಕೆ ಉಡಿದಾರ ಕಟ್ಟಿದಾಳೆ. ದಿನಾ ಸಾಯಂಕಾಲ ಬಾಗಿಲು ಹಾಕ್ಕೊಂಡು ನೋಡ್ತಾಳೆ. ಬಿಗಿ ಆಗಿದ್ರೆ ರಾತ್ರಿ ಊಟ ಇಲ್ಲ. ದಪ್ಪ ಆಗಿ ದೊಡ್ಡವಳಾಗ್ಬಿಟ್ರೆ ಗಾಳೀಲಿ ಎರಡು ಸುತ್ತು ಬರಲ್ಲಂತೆ, ಕೋಚ್ ಮೇಡಂ ಹೇಳಿದಾರೆ."

ಮನೆಯ ಅಷ್ಟೂ ಮಕ್ಕಳ ಉಡಿದಾರ ಬಿಗಿಯಾದಾಗಲೆಲ್ಲ, ಮಗು ಮೈ ತುಂಬಿಕೊಂಡಿತೆಂದು ಹಿಗ್ಗಿ ಹೊಸದು ಕಟ್ಟಿದ ಕೈ ಮುನಿವೆಂಕಟಮ್ಮನದು. ಈಗ ಆ ಕೈ ಮೊಮ್ಮಗಳ ಸೊಂಟದ ದಾರವನ್ನು ತಡವಿ ನೋಡಿತು. ಅಷ್ಟರಲ್ಲಿ ಸೀಮೆಎಣ್ಣೆ ಡಬ್ಬ ಹಿಡಿದು ಗೌರಮ್ಮ ಬಂದೇಬಿಟ್ಟಳು.

"ಅಯ್ಯೋ ಅತ್ತೆ! ಬೆಲ್ಲ ಕೊಡ್ಬೇಡಿ ಅಂತ ಎಷ್ಟು ಸಲ ಬಡ್ಕೊಂಡಿದೀನಿ? ಭಾನುವಾರ ಪಂದ್ಯ ಐತೆ!"

"ನಿನ್ನ ಪಂದ್ಯಕ್ಕೆ ಬೆಂಕಿ ಬೀಳ! ಆಗಿದ್ದನ್ನ ಬಚ್ಚಿಟ್ಟಿದೀಯ ಅನ್ಕೊಂಡಿದ್ನಲ್ಲೇ. ನೀನು ಆಗ್ದೇ ಇರೋ ಹಂಗೇ ಮಾಡಿದೀಯಲ್ಲೇ! ಹೆತ್ತ ಹೊಟ್ಟೆ ಏನೇ ನಿಂದು?"

"ಇನ್ನೊಂದೆರಡು ವರ್ಷ ಅತ್ತೆ, ಅಷ್ಟೇ." ಗೌರಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. "ನಂಗೆ ಒಸಗೆ ಮಾಡಿದ್ದೇ ಮಾಡಿದ್ದು, ಸ್ಕೂಲು ಬಿಡಿಸಿ ಮನೇಲಿ ಕೂರಿಸಿದ್ರು. ಓಟದಲ್ಲಿ ನನ್ನ ಮೀರಿಸೋರೇ ಇರ್ಲಿಲ್ಲ, ಗೊತ್ತಾ ನಿಮಗೆ? ಇವಳಾದ್ರೂ ನಾಕು ಜನದ ಮುಂದೆ ಕಪ್ಪು ಎತ್ಲಿ ಅಂತ..."

ಇದೂ ನಾಟಕವೇ ಇರಬೇಕೆಂದು ಅತ್ತೆ ಸೊಸೆಯ ಕಣ್ಣುಗಳನ್ನು ಹತ್ತಿರದಿಂದ ನೋಡಿದಳು. ಕಣ್ಣೀರು ನಿಜದ್ದೇ ಆಗಿತ್ತು. ಅದನ್ನು ಕಂಡು ಅವಳಿಗೆ ಇನ್ನೂ ಸಂಕಟವಾಯಿತು.

"ಯಾರ ಮೇಲೆ ಪಂದ್ಯ? ಇವಳಂಥ ಚಿಕ್ಕಮಕ್ಕಳ ಮೇಲಾ?"

"ಇಲ್ಲ ಅತ್ತೆ, ದೊಡ್ಡೋರ ಮೇಲೆ. ಮೇಡಮ್ಮೇ ಸೇರಿಸಿರೋದು. ಹೆಂಗಸರ ವಿಭಾಗ."

"ಹೆಂಗಸರ ವಿಭಾಗ!" ಮುನಿವೆಂಕಟಮ್ಮ ಹಣೆ ಚಚ್ಚಿಕೊಂಡಳು. "ಹೆಂಗಸಾಗದಂಗೆ ಉಪವಾಸ ಕೆಡವೋದು, ಆಮೇಲೆ ಹೆಂಗಸರ ಜೊತೆ ನಿಲ್ಲಿಸೋದು! ಇಂಥ ಹಗುರ ಮೈಯೋಳು ಗೆಲ್ಲದೆ ಏನು ಮಾಡ್ತಾಳೆ? ಯಾವ ಸೀಮೆ ನ್ಯಾಯವೇ ಇದು?"

ಗೌರಮ್ಮ ಡಬ್ಬ ಕೆಳಗಿಟ್ಟು ಗೋಡೆಗೊರಗಿ ಕುಕ್ಕರಿಸಿದಳು. ಮುನಿವೆಂಕಟಮ್ಮ ಇನ್ನೊಂದು ಉಂಡೆ ತೆಗೆದು ಮೊಮ್ಮಗಳ ಅಂಗೈಯಲ್ಲಿಟ್ಟಳು. "ತಿನ್ನು ಕಂದ. ಯಾರೇನಂತಾರೋ ನಾನು ನೋಡ್ಕೋತೀನಿ."

ಸರ್ವಮಂಗಳೆ ಉಂಡೆಯನ್ನು ಮೂಗಿನ ಹತ್ತಿರ ಹಿಡಿದು ವಾಸನೆ ನೋಡಿದಳು. ಕಚ್ಚಲಿಲ್ಲ. ಮೆಲ್ಲಗೆ ತಟ್ಟೆಗೆ ವಾಪಸು ಇಟ್ಟು, ಅಳುಮುಖ ಮಾಡಿಕೊಂಡು ಕೇಳಿದಳು:

"ಆಗ್ಲೇ ಎರಡು ತಿಂದ್ಬಿಟ್ನಲ್ಲ ಅಜ್ಜಿ... ಭಾನುವಾರದೊಳಗೆ ನಾನು ದೊಡ್ಡವಳಾಗ್ಬಿಡಲ್ಲ ತಾನೇ?"