ನಾಲ್ಕನೇ ಮರ

ಬೇಟೆಯ ಸರಕು ಮಾರುವ ಕಂಪನಿಯ ಟ್ರೆಂಟ್ ಹಾಲಿಸ್ಟರ್ ಕಾಗದವನ್ನು ಅಡುಗೆಮನೆಯ ಮೇಜಿನ ಮೇಲಿಟ್ಟು, ಸಹಿ ಹಾಕಬೇಕಾದ ಜಾಗದ ಮೇಲೆ ಪೆನ್ನನ್ನೂ ಇಟ್ಟ. ಆರ್ಡಿಸ್ ಟಾರ್ಗರ್ಸನ್ ಪೆನ್ನನ್ನು ಪಕ್ಕಕ್ಕೆ ಸರಿಸಿ ಕಾಗದ ಓದಿದಳು. ಕಂಪನಿಯ ಹೊಸ ವಾಸನೆಯ ದ್ರವ ಗಂಡು ಜಿಂಕೆಗಳನ್ನು ಮಿಕ್ಕೆಲ್ಲಕ್ಕಿಂತ ಚೆನ್ನಾಗಿ ಸೆಳೆಯುವುದನ್ನು ತಾನು ಕಾಡಿನಲ್ಲಿ ಕಣ್ಣಾರೆ ಕಂಡಿದ್ದೇನೆ ಎಂದು ಅದರಲ್ಲಿತ್ತು.

"ನಾನು ಕಂಡಿದ್ದು ಇದಲ್ಲ. ಸಹಿ ಹಾಕಲ್ಲ," ಎಂದಳು.

ವಿಸ್ಕಾನ್ಸಿನ್‌ನ ಆ ಉತ್ತರದ ಊರುಗಳಲ್ಲಿ ಬೇಟೆ ಶುರುವಾಗುವ ಮುಂಚೆ ಯಾರು ಯಾವ ವಾಸನೆಯ ಬಾಟಲಿ ಕೊಂಡರೂ ಲೇಬಲ್ಲಿನ ಮೇಲೆ ಮೊದಲು ಹುಡುಕುತ್ತಿದ್ದುದು 'ಪರೀಕ್ಷಿಸಿ ನೋಡಿದ್ದೇನೆ, ಆರ್ಡಿಸ್' ಎಂಬ ಸಾಲನ್ನು. ಹತ್ತೊಂಬತ್ತು ವರ್ಷದಿಂದ ಅದು ಅಲ್ಲಿತ್ತು. ಮೈಗೆ ಬೇರೆ ವಾಸನೆ ಅಂಟಬಾರದೆಂದು ಪರೀಕ್ಷೆಯ ಎರಡು ವಾರ ಅವಳ ಮನೆಯಲ್ಲಿ ಹಂದಿಮಾಂಸ ಹುರಿಯುವಂತಿಲ್ಲ, ಸಾಬೂನು ಮುಟ್ಟುವಂತಿಲ್ಲ. ತೊಡುವ ಬಟ್ಟೆ ಪೈನ್ ಎಲೆ ತುಂಬಿದ ಡಬ್ಬದಲ್ಲಿ ಮಲಗಿರಬೇಕು. ಗಂಡು ಜಿಂಕೆ ಗೊರಸಿನಿಂದ ನೆಲ ಕೆರೆದು ಮೂತ್ರದ ಗುರುತು ಬಿಟ್ಟು ಹೋದ ನಾಲ್ಕು ಜಾಗ ಹುಡುಕಿ, ಮೇಲಿನ ಕೊಂಬೆಗೆ ಹನಿ ಹನಿಯಾಗಿ ತೊಟ್ಟಿಕ್ಕುವ ಬಾಟಲಿ ಕಟ್ಟಿಸಿ, ಎದುರಿಗೆ ತಾನಾಗೇ ಚಿತ್ರ ತೆಗೆಯುವ ಒಂದು ಕ್ಯಾಮೆರಾ ಇಡುತ್ತಿದ್ದಳು. ಎರಡರಲ್ಲಿ ಕಂಪನಿಯ ದ್ರವ, ಒಂದರಲ್ಲಿ ಬರೀ ನೀರು, ಒಂದು ಖಾಲಿ. ಯಾವುದು ಯಾವುದೆಂದು ಅವಳಿಗೇ ಗೊತ್ತಿರುತ್ತಿರಲಿಲ್ಲ. ತುಂಬಿಸಿ, ಗುರುತಿಗೆ ಬಣ್ಣದ ದಾರ ಹಾಕಿ ಮರಕ್ಕೆ ಕಟ್ಟುವವಳು ನಾದಿನಿ ಜಾಯ್ಸ್. ಕೊನೆಯ ದಿನದವರೆಗೂ ಬಾಯಿ ಬಿಡಬಾರದೆಂಬುದು ಜಾಯ್ಸ್‌ಗೆ ಹಾಕಿದ ಕಟ್ಟಪ್ಪಣೆ. ವರ್ಷದಲ್ಲಿ ಅವಳು ಬಾಯಿ ಮುಚ್ಚಿಕೊಂಡಿರುತ್ತಿದ್ದುದೂ ಆ ಎರಡು ವಾರ ಮಾತ್ರ.

ಈ ಸಲ ಹೊಸ ದ್ರವದ ಮರಗಳಿಗೆ ಬಂದದ್ದು ಮೂರು ಹೆಣ್ಣು ಜಿಂಕೆ, ಬಾಟಲಿಯನ್ನೇ ಕಚ್ಚಿ ಹಾಕಿದ ಒಂದು ರಕೂನ್. ನೀರಿನ ಮರಕ್ಕೆ ಒಂದು ಎಳೆಗೊಂಬಿನ ಗಂಡು. ಖಾಲಿ ಬಾಟಲಿಯ ನಾಲ್ಕನೇ ಮರಕ್ಕೆ ಮಾತ್ರ ಐದು ಗಂಡುಗಳು. ಅದರಲ್ಲಿ ಹತ್ತು ಕವಲಿನ ಕೊಂಬಿನದು ಮೂರು ದಿನ ಬಿಡದೆ ಬಂದು ಮಣ್ಣು ಮೂಸಿತ್ತು.

ಲೇಬಲ್ಲುಗಳು ಆಗಲೇ ಅಚ್ಚಾಗಿವೆ, ಪೆಟ್ಟಿಗೆಗಳು ಅಂಗಡಿ ಸೇರುವುದಷ್ಟೇ ಬಾಕಿ ಎಂದ ಟ್ರೆಂಟ್. ಹೋದ ವರ್ಷ ಹಿಮ ಬೇಗ ಬಿದ್ದು ಪರೀಕ್ಷೆ ಅರ್ಧಕ್ಕೇ ನಿಂತಾಗ ಸಹಿ ಹಾಕಿದ್ದಿರಲ್ಲ, ಈಗೇನು ಹೊಸ ಮಡಿ ಎಂದೂ ಕೇಳಿದ.

ಅದೇ ಅವಳನ್ನು ವರ್ಷವಿಡೀ ಕಾಡುತ್ತಿದ್ದದ್ದು. ಪಕ್ಕದ ತೋಟದ ಡೆಲ್ಮರ್, ಮಂಡಿ ನೋವಿನ ಮನುಷ್ಯ, ಅವಳ ಹೆಸರಿದ್ದ ಆ ಬಾಟಲಿ ನಂಬಿ ಒಂಬತ್ತು ದಿನ ಕೊರೆಯುವ ಚಳಿಯಲ್ಲಿ ಮಚಾನಿನ ಮೇಲೆ ಕೂತು ಬರಿಗೈಲಿ ಇಳಿದಿದ್ದ. ಆ ಚಳಿಗಾಲ ಅವನ ಮನೆಯ ಫ್ರೀಜರಿನಲ್ಲಿ ಮಾಂಸವಿರಲಿಲ್ಲ. ಅವಳನ್ನು ದೂರಲೂ ಇಲ್ಲ ಪುಣ್ಯಾತ್ಮ. ಚರ್ಚಿನಲ್ಲಿ ಅವನ ಮುಖ ನೋಡಲಾಗದೆ ಆರ್ಡಿಸ್ ಹಿಂದಿನ ಬೆಂಚಿಗೆ ಹೋಗಿ ಕೂರುತ್ತಿದ್ದಳು.

"ಆವತ್ತು ತಪ್ಪು ಮಾಡಿದೆ. ಇನ್ನೊಂದು ಸಲ ಮಾಡಲ್ಲ," ಎಂದಳು.

ಟ್ರೆಂಟ್ ದನಿ ಬದಲಿಸಿದ. "ನೋಡಿ ಆರ್ಡಿಸ್, ನಿಮ್ಮ ನಾದಿನಿ ದಾರ ಅದಲು ಬದಲು ಮಾಡಿದ್ದಾರೆ, ಅಷ್ಟೇ. ಖಾಲಿ ಬಾಟಲಿಗೆ ಐದು ಗಂಡು ಬರುತ್ವಾ? ನಾಲ್ಕನೇ ಮರದ ಹತ್ರ ನಮ್ಮ ದ್ರವಾನೇ ಇದ್ದಿದ್ದು. ಹಾಗಂತ ಬರೆದುಬಿಡಿ. ಇಲ್ಲಾಂದ್ರೆ ಮುಂದಿನ ವರ್ಷದಿಂದ ಬೇರೆಯವರನ್ನ ನೋಡ್ಕೋತೀವಿ."

ಒಲೆಯ ಪಕ್ಕ ಕಾಫಿ ಬಸಿಯುತ್ತಿದ್ದ ಜಾಯ್ಸ್ ಕೈ ನಿಲ್ಲಿಸಿದಳು. ಮೊದಲು ಆರ್ಡಿಸ್ ಕೂಡ ಹಾಗೇ ಅಂದುಕೊಂಡು ಅವಳಿಗೆ ಚೆನ್ನಾಗಿ ಬೈದಿದ್ದಳು. ಜಾಯ್ಸ್ ಅತ್ತಿದ್ದಳು. ಅತ್ತು ಮುಗಿಸಿ, ನಾಲ್ಕನೇ ಕ್ಯಾಮೆರಾದ ಚಿತ್ರಗಳನ್ನು ಕೊನೆಯಿಂದಲ್ಲ, ಮೊದಲಿನಿಂದ ನೋಡೋಣ ಎಂದಿದ್ದಳು.

"ಅತ್ತಿಗೆ, ತೋರಿಸಿಬಿಡಿ," ಎಂದಳು ಈಗ.

ಆರ್ಡಿಸ್ ಅರವತ್ತು ದಾಟಿದ ಹೆಂಗಸು, ಈ ಕೆಲಸ ಬಿಟ್ಟರೆ ಅವಳನ್ನು ಕಾಡಿಗೆ ಕರೆಯುವವರು ಯಾರೂ ಇರಲಿಲ್ಲ. ಆದರೂ ಡ್ರಾಯರ್ ಎಳೆದು ಒಂದು ಫೋಟೋ ತೆಗೆದು ಮೇಜಿನ ಮೇಲಿಟ್ಟಳು.

"ಹೋದ ವಾರ ಮರ ನೋಡೋಕೆ ಬಂದಿದ್ಯಲ್ಲಪ್ಪ, ಚೊಂಬಿನಷ್ಟು ಕಾಫಿ ಕುಡ್ಕೊಂಡು. ಒಂದು ಫೋನ್ ಮಾಡಿ ಬರ್ತೀನಿ ಅಂತ ಒಬ್ಬನೇ ಹೋದೆ. ಯಾವ ಮರದ ಹತ್ರ ಹೋದೆ ಅಂತ ನೋಡು."

ಚಿತ್ರದಲ್ಲಿ, ಬೆನ್ನಿನ ಮೇಲೆ ಕಂಪನಿಯ ಹೆಸರಿದ್ದ ಕಿತ್ತಳೆ ಜಾಕೆಟ್ಟಿನ ಮನುಷ್ಯನೊಬ್ಬ ನಾಲ್ಕನೇ ಮರದ ಬುಡಕ್ಕೆ ಮುಖ ಮಾಡಿ, ಕಾಲು ಅಗಲಿಸಿ, ಆಕಾಶ ನೋಡುತ್ತಾ ನಿಂತಿದ್ದ. ಮೂಲೆಯಲ್ಲಿ ತಾರೀಖು, ವೇಳೆ ಎರಡೂ ಇದ್ದವು. ಹತ್ತು ಕವಲಿನ ಕೊಂಬಿನ ಗಂಡು ಅಲ್ಲಿಗೆ ಮೊದಲು ಬಂದದ್ದು ಅದಾದ ನಲವತ್ತು ನಿಮಿಷಕ್ಕೆ.

ಟ್ರೆಂಟ್‌ನ ಮುಖ ಕಿವಿಯವರೆಗೂ ಕೆಂಪಾಯಿತು. ಜಾಯ್ಸ್ ಅವನ ಮುಂದೆ ಕಾಫಿ ಇಟ್ಟು, ಇನ್ನೂ ಸ್ವಲ್ಪ ಹಾಕಲಾ ಎಂದು ವಿನಯದಿಂದ ಕೇಳಿದಳು. ಅವನು ಲೋಟ ಮುಟ್ಟಲಿಲ್ಲ. ಈ ಚಿತ್ರ ಹರಿದುಬಿಡಿ, ಸಹಿಯ ಮಾತು ಇಲ್ಲಿಗೇ ಬಿಡೋಣ, ಲೇಬಲ್ಲು ಬೇರೆ ಮಾಡಿಸುತ್ತೇನೆ ಎಂದು ತೊದಲಿದ.

ಆರ್ಡಿಸ್ ಅವನದೇ ಪೆನ್ನು ಎತ್ತಿಕೊಂಡಳು. ಫೋಟೋದ ಕೆಳಗೆ ದುಂಡಗಿನ ಅಕ್ಷರದಲ್ಲಿ 'ಪರೀಕ್ಷಿಸಿ ನೋಡಿದ್ದೇನೆ, ಆರ್ಡಿಸ್' ಎಂದು ಬರೆದು ಅವನತ್ತ ತಳ್ಳಿದಳು.

"ಸಹಿ ಬೇಕು ಅಂದ್ಯಲ್ಲ, ಇದು ನಿನ್ನ ಪ್ರತಿ. ಡೆಲ್ಮರ್‌ದು ಬೆಳಿಗ್ಗೆನೇ ಕೊಟ್ಟು ಬಂದೆ."