ಮುಟ್ಟಿದಾಗ ಹೂಂ ಅನ್ನು

"ಕಣ್ಣು ಮುಚ್ಕೋ ತಂಗಿ. ನಾ ಎಲ್ಲೆಲ್ಲಿ ಹತ್ತಿ ಮುಟ್ಟಸ್ತೀನಿ, ಅಲ್ಲಲ್ಲಿ ಹೂಂ ಅನ್ನು," ಎಂದರು ಡಾಕ್ಟರ್ ಶ್ರೀಪಾದ.

ಬನಶಂಕರಿಯ ಬಲಗಣ್ಣು ಮುಚ್ಚಿತು. ಎಡಗಣ್ಣು ಮುಚ್ಚಲಿಲ್ಲ. ಇಪ್ಪತ್ತು ದಿನದಿಂದ ಮುಖದ ಎಡಭಾಗ ಅವಳ ಮಾತು ಕೇಳುತ್ತಿರಲಿಲ್ಲ. ನೀರು ಕುಡಿದರೆ ಆ ಕಡೆಯಿಂದ ಸೋರುತ್ತಿತ್ತು, ನಿದ್ದೆಯಲ್ಲೂ ಆ ಕಣ್ಣು ತೆರೆದೇ ಇರುತ್ತಿತ್ತು. ಡಾಕ್ಟರು ಬಟ್ಟೆಗಾಗಿ ಅತ್ತಿತ್ತ ನೋಡುವಷ್ಟರಲ್ಲಿ ಅವಳ ಗಂಡ ಅಂದಪ್ಪ ಮಂಚದ ತಲೆದೆಸೆಗೆ ಬಂದು, ಅಂಗೈಯನ್ನು ಆ ಕಣ್ಣಿನ ಮೇಲಿಟ್ಟ.

"ನಾ ಮುಚ್ಚತೀನ್ರಿ ಸಾಹೇಬ್ರ. ನೀವು ನೋಡ್ರಿ."

ಬೆಟಗೇರಿಯಿಂದ ಗದಗಿನ ಈ ದವಾಖಾನೆಗೆ ಅವರು ಬಂದದ್ದು ಪರೀಕ್ಷೆಗೆ ರಕ್ತ ಕೊಡಲು. ಇದು ನಾಲ್ಕನೆಯ ಬಾಗಿಲು. ಮುಂಡರಗಿಯವನೊಬ್ಬ ಲಕ್ವಾ ಎಂದು ಪಾರಿವಾಳದ ರಕ್ತ ತಿಕ್ಕಿದ್ದ. ಶಿರಹಟ್ಟಿಯವನು ಗಾಳಿ ಸೋಕಿದೆ ಎಂದು ತಾಯಿತ ಕಟ್ಟಿದ್ದ. ಮೂರನೆಯ ಡಾಕ್ಟರು ಎಡಗಾಲೂ ಜೋಮು ಹಿಡಿದಿದೆ ಎಂಬ ಮಾತು ಕೇಳಿದ್ದೇ ಕುರ್ಚಿ ಹಿಂದಕ್ಕೆ ಸರಿಸಿ, ಕುಷ್ಠದ ದವಾಖಾನೆಗೆ ಹೋಗಿ ಎಂದಿದ್ದರು. ಅದು ಹೇಗೋ ಅತ್ತೆ ಯಮನವ್ವನ ಕಿವಿಗೆ ಬಿತ್ತು. ಮರುದಿನದಿಂದ ಬನಶಂಕರಿಯ ತಾಟು ಹಿತ್ತಿಲ ಕಟ್ಟೆಯ ಮೇಲೆ ಬೇರೆಯಾಗಿ ಕೂತಿತು.

ಹಿಂದಿನ ಸಲ ಬಂದಾಗ, ಉಣ್ಣಿ ಕಚ್ಚಿತ್ತೇ ಎಂದು ಕೇಳಿದವರು ಶ್ರೀಪಾದರೊಬ್ಬರೇ. ಕಚ್ಚಿತ್ತು. ಶಿಗ್ಲಿಯ ತವರಿನಲ್ಲಿ, ನೆರೆಯವರ ಕುರಿದೊಡ್ಡಿಯ ಪಕ್ಕ ಮಲಗಿದ್ದಾಗ. ತೊಡೆಯ ಮೇಲೆ ಬಳೆಯಷ್ಟು ದೊಡ್ಡ ಕೆಂಪು ಉಂಗುರ ಎದ್ದು, ಹರಡಿ, ತಾನಾಗಿ ಮಾಸಿತ್ತು. ಅದನ್ನು ಅವಳು ಗಂಡನಿಗೂ ಹೇಳಿರಲಿಲ್ಲ.

"ಅಮೆರಿಕಾದಾಗ ಹತ್ತು ವರ್ಷದ ಹಿಂದ ಹಿಡದಾರ. ಲೈಮ್ ಅಂತಾರ," ಎಂದಿದ್ದರು ಡಾಕ್ಟರು. "ಉಣ್ಣಿಯಿಂದ ಬರ್ತದ. ಮೊದಲ ಉಂಗುರ, ಆಮ್ಯಾಲೆ ನರ. ನಮ್ಮ ಕಡೆ ಅದ ಅಂತ ನಾ ಕೇಳಿಲ್ಲ. ಇದ್ರೂ ಇರಬಹುದು."

"ಲೈಮ್ ಅಂದ್ರ ಏನ್ರಿ?"

"ಅದೊಂದು ಊರಿನ ಹೆಸರು."

"ಊರಾದ್ರ ಛಲೋ ಆತು ಬಿಡ್ರಿ," ಎಂದಿದ್ದ ಅಂದಪ್ಪ. "ದೇವರ ಹೆಸರಾಗಿದ್ರ ನಮ್ಮವ್ವ ಹರಕಿ ಹೊರಸ್ತಿದ್ಲು."

ಆ ಪರೀಕ್ಷೆ ಗದಗಿನಲ್ಲಿರಲಿಲ್ಲ, ಧಾರವಾಡದಲ್ಲೂ ಇರಲಿಲ್ಲ. ಡಾಕ್ಟರು ಪುಣೆಯಲ್ಲಿದ್ದ ತಮ್ಮ ಗುರುಗಳಿಗೆ ಕಾಗದ ಬರೆದಿದ್ದರು. ಇವತ್ತು ಉತ್ತರ ಬಂದಿತ್ತು: ರಕ್ತವನ್ನು ಹೊರದೇಶಕ್ಕೆ ಕಳಿಸಬಹುದು, ಆದರೆ ಮುಖವೊಂದೇ ಸೊಟ್ಟಗಾಗಿದ್ದರೆ ಬೇಡ, ಕಾಲಿನ ನರವೂ ಕೆಟ್ಟಿದ್ದರೆ ಮಾತ್ರ ಕಳಿಸು.

ಹತ್ತಿ ಬಲಗೈಯನ್ನು ಮುಟ್ಟಿತು. "ಹೂಂ." ಎಡಗೈ. "ಹೂಂ." ಬಲಗಾಲು. "ಹೂಂ." ಆಮೇಲೆ ಏನೂ ಇಲ್ಲ. ಬನಶಂಕರಿ ಕಾದಳು. ಆಗ ಕಣ್ಣಿನ ಮೇಲಿದ್ದ ಅಂಗೈ ಹಗುರಾಗಿ ಒತ್ತಿತು.

ಮನೆಯ ಮಗ್ಗದಲ್ಲಿ ಎರಡು ವಾರದಿಂದ ಹೀಗೇ ನಡೆದಿತ್ತು. ಮಗ್ಗದ ಕೆಳಗಿನ ಕುಣಿಯಲ್ಲಿ ಇಳಿಬಿಟ್ಟ ಎಡಗಾಲು ತುಳಿಹಲಗೆಯನ್ನು ತುಳಿಯಿತೋ ಇಲ್ಲವೋ ತಿಳಿಯದೆ ಅವಳ ನೇಯ್ಗೆ ತಪ್ಪುತ್ತಿತ್ತು. ಅವ್ವನಿಗೆ ಗೊತ್ತಾಗಬಾರದೆಂದು ಅಂದಪ್ಪ ಹಿಂದೆ ನಿಂತು, ಕುಣಿಯೊಳಗೆ ಇಣುಕಿ, ಹಲಗೆ ಇಳಿದಾಗ ಅವಳ ಹೆಗಲು ಒತ್ತುತ್ತಿದ್ದ. ಅವನು ಒತ್ತಿದರೆ ಅವಳು ಲಾಳಿ ಎಸೆಯುತ್ತಿದ್ದಳು.

"ಹೂಂ," ಎಂದಳು. ಅಂಗೈ ಮತ್ತೆ ಒತ್ತಿತು. "ಹೂಂ." ಮತ್ತೆ. "ಹೂಂ."

"ಕಾಲು ನೆಟ್ಟಗ ಅದಲ್ಲ!" ಡಾಕ್ಟರು ಹತ್ತಿಯನ್ನು ಬುಟ್ಟಿಗೆ ಹಾಕಿದರು. "ಕುಣಿಯೊಳಗ ಕುಂತು ಕುಂತು ಜೋಮು ಬಂದಿರಬೇಕು. ಮುಖದ್ದು ತಿಂಗಳೊಪ್ಪತ್ತಿನಾಗ ತಾನ ಸರಿಹೋಗ್ತದ. ರಕ್ತ ಕಳಸೂದು ಬ್ಯಾಡ."

"ಕೇಳಿದ್ಯಾ? ನೆಟ್ಟಗ ಐತಂತ!" ಅಂದಪ್ಪ ಕೈ ತೆಗೆದ. "ಏಳು, ಜಲ್ದಿ ಹೋದ್ರ ಟಾಂಗಾ ಸಿಗ್ತೈತಿ."

ಬನಶಂಕರಿ ಏಳಲಿಲ್ಲ. ತೆರೆದೇ ಇದ್ದ ಕಣ್ಣಿಗೆ ಮಾಡಿನ ತೊಲೆಗಳು ಕಂಡವು. ಎದ್ದರೆ ಬೆಟಗೇರಿ, ಹಿತ್ತಿಲು, ಕಟ್ಟೆ.

"ಸಾಹೇಬ್ರ, ಇನ್ನೊಂದು ಸಲ ಮುಟ್ರಿ."

"ಯಾಕವಾ?"

"ಎಡಗಾಲಿಗೆ ಹೂಂ ಅಂದಾಕಿ ನಾ ಅಲ್ಲರಿ. ಇವರು ಒತ್ತಿದ್ರು, ನಾ ಅಂದೆ."

"ಏ ಹುಚ್ಚೀ!" ಅಂದಪ್ಪನ ಮುಖ ಸುಟ್ಟಂತಾಯಿತು. "ತಿಳಿಯೂದಿಲ್ಲ ಅಂದ್ರ ಏನ್ ಬರೀತಾರ ಗೊತ್ತೈತಿಲ್ಲ? ಆ ಕುಷ್ಠದ ದವಾಖಾನಿಗೆ ಚೀಟಿ ಬರೀತಾರ. ಅವ್ವ ಆಮ್ಯಾಲೆ ನಿನ್ನ ಹೊಸ್ತಿಲ ದಾಟಿಸ್ಕೊಳ್ತಾಳೇನು?"

"ಈಗೇನು ಒಳಗ ಕುಂಡ್ರಿಸ್ಯಾರ? ಬರೀಲಿ. ಉಣ್ಣೀದ ಬರೀಲಿ, ಅದನ್ನ ಬರೀಲಿ, ಏನಾರ ಒಂದು ಬರೀಲಿ. ಹೆಸರಿಲ್ಲದ ಬ್ಯಾನಿ ಹೊತ್ತು ಸಾಕಾಗೈತಿ ನನಗ."

ಡಾಕ್ಟರು ಅಂದಪ್ಪನನ್ನು ಕಣ್ಣಲ್ಲೇ ಮಂಚದ ಕಾಲದೆಸೆಗೆ ಕಳಿಸಿದರು. ಹೊಸ ಹತ್ತಿ ತೆಗೆದುಕೊಂಡರು. ಬನಶಂಕರಿ ತನ್ನ ಅಂಗೈಯಿಂದ ತಾನೇ ಎಡಗಣ್ಣು ಮುಚ್ಚಿಕೊಂಡಳು.

ಕತ್ತಲೆ. ಡಾಕ್ಟರು ಶುರುಮಾಡಿದರೋ ಇಲ್ಲವೋ ಅವಳಿಗೆ ತಿಳಿಯಲಿಲ್ಲ. ಕಾದಳು. ಇನ್ನೂ ಕಾದಳು.

ಕಾಲದೆಸೆಯಿಂದ ಒಂದು ಒಡೆದ ದನಿ ಬಂತು, ಹತ್ತಿ ಅವಳ ಎಡಗಾಲನ್ನು ಮುಟ್ಟುವುದನ್ನೇ ನೋಡುತ್ತಿದ್ದ ಅಂದಪ್ಪನದು:

"ಹೂಂ."

ಸ್ವಲ್ಪ ತಡೆದು, ಮತ್ತೆ:

"ಹೂಂ."