ನೀರಿನ ಕಲೆ

ಗಂಡ ಅರ್ಧ ಉಳಿದಿದ್ದ ಪೇಂಟ್ ಡಬ್ಬವನ್ನು ತಂದು ಅಂಗಡಿಯ ಕೌಂಟರ್ ಮೇಲೆ ಕುಕ್ಕಿದ. ಸಡಿಲವಾಗಿದ್ದ ಮುಚ್ಚಳದ ಅಂಚಿನಿಂದ ಬಿಳಿ ಬಣ್ಣ ಚಿಮ್ಮಿ ಅಂಗಡಿಯವನ ಕನ್ನಡಕಕ್ಕೆ ತಾಗಿತು.

“ಇದೇನ್ರೀ ನೀವು ಕೊಟ್ಟ ಮಾಲು? ಎರಡು ಕೈ ಹೊಡೆಸಿದೀನಿ, ಕಲೆ ಹಾಗೇ ಎದ್ದು ಬಂದಿದೆ. ಒಳ್ಳೇ ಕ್ವಾಲಿಟಿದು ಕೊಡಿ ಅಂತ ಬಾಯಿಬಿಟ್ಟು ಕೇಳಿದ್ದೆ ತಾನೆ?”

ಅಂಗಡಿಯವನು ವಯಸ್ಸಾದವನು. ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿಕೊಂಡ. “ನಿಧಾನ ಸರ್. ಹೋದ ಸಲ ನೀವು ನೀರು ಸೋರಿದ ಕಲೆ ಅಂದಿದ್ರಿ. ತೇವ ಹಿಡಿದ ಗೋಡೆಗೆ ಇದಕ್ಕಿಂತ ಒಳ್ಳೇ ಬಣ್ಣ ನನ್ನ ಹತ್ರ ಇಲ್ಲ.”

“ನೀರೇ ರೀ. ಮೇಲ್ಗಡೆ ಪೈಪ್ ಒಡೆದಿತ್ತು.”

ಹೆಂಡತಿ ಒಂದು ಹೆಜ್ಜೆ ಹಿಂದೆ, ಬ್ರಷ್‌ಗಳನ್ನು ನೇತುಹಾಕಿದ್ದ ಗೋಡೆಗೆ ಒತ್ತಿಕೊಂಡು ನಿಂತಿದ್ದಳು. ಅವರ ಮನೆಯ ಮೇಲ್ಗಡೆ ಪೈಪ್ ಇರಲಿಲ್ಲ. ತಾರಸಿ, ಅದರ ಮೇಲೆ ಆಕಾಶ, ಅಷ್ಟೇ. ಹೋದ ಸಲ ಬರೀ ನೀರಾಗಿದ್ದದ್ದಕ್ಕೆ ಈ ಸಲ ಪೈಪೂ ಹುಟ್ಟಿಕೊಂಡಿತ್ತು. ಗೋಡೆಯ ಮೇಲಿದ್ದದ್ದು ಅವನು ಎಸೆದ ಊಟದ ತಟ್ಟೆಯ ಕಲೆ. ಸೋಪು ಹಾಕಿ ಉಜ್ಜಿ ಉಜ್ಜಿ ಅವಳ ಉಗುರು ಸವೆದಿತ್ತೇ ಹೊರತು ಕಲೆ ಸವೆದಿರಲಿಲ್ಲ. ತಟ್ಟೆಯನ್ನಾದರೂ ಅವಳು ಹೇಗೋ ನುಂಗಿಕೊಂಡಿದ್ದಳು. ಆದರೆ ನಾಳೆ ಅವಳ ಅಪ್ಪ ಬರುತ್ತಿದ್ದರು, ಆ ಕಲೆಯಿದ್ದ ರೂಮಿನಲ್ಲೇ ಮಲಗುವವರು. ಅಂಗಡಿಗೆ ಬರುವ ದಾರಿಯಲ್ಲಿ ಗಂಡ ಮಗುವಿಗೆ ಪಾಠ ಹೇಳಿಕೊಡುವ ಹಾಗೆ ಹೇಳಿದ್ದ: “ನಿಮ್ಮಪ್ಪ ಕೇಳಿದ್ರೆ ಪೈಪ್ ಅನ್ನು, ಗೊತ್ತಾಯ್ತಾ? ಎಲ್ಲಿ, ಒಂದ್ಸಲ ಹೇಳು.” ಅವಳು ಹೇಳಿರಲಿಲ್ಲ. ಆ ಪಾಠವನ್ನು ಮಾತ್ರ ನುಂಗಲಾಗಿರಲಿಲ್ಲ.

“ಕಲೆ ಯಾವ ಬಣ್ಣಕ್ಕಿದೆ ಸರ್?” ಅಂಗಡಿಯವನು ಕೇಳಿದ.

“ಸ್ವಲ್ಪ ಹಳದಿ.”

“ಮುಟ್ಟಿದ್ರೆ ತಣ್ಣಗಿದೆಯಾ, ಜಿಡ್ಡು ಜಿಡ್ಡಾಗಿದೆಯಾ?”

“ಬಣ್ಣ ಕೊಡಿ ಅಂದ್ರೆ ಗೋಡೆ ಜಾತಕ ಕೇಳ್ತೀರಲ್ಲ!”

“ಕೇಳಲೇಬೇಕು ಸರ್. ನೀರಿನ ಕಲೆಗೆ ಒಂದು ಮದ್ದು, ಎಣ್ಣೆ ಕಲೆಗೆ ಇನ್ನೊಂದು. ರೋಗ ಮುಚ್ಚಿಟ್ಟುಕೊಂಡು ಡಾಕ್ಟರನ್ನ ಬೈದ್ರೆ ಏನು ಬಂತು?”

ಬ್ರಷ್ ಆರಿಸುತ್ತಿದ್ದ ಇನ್ನೊಬ್ಬ ಗಿರಾಕಿ ಕಿಸಕ್ಕೆಂದ. ಗಂಡನ ಕಿವಿ ಕೆಂಪಾಯಿತು. “ನಾನು ಸುಳ್ಳು ಹೇಳ್ತಿದೀನಿ ಅಂತಾನಾ? ಇವಳನ್ನೇ ಕೇಳಿ, ಮೂರು ಹೊತ್ತೂ ಆ ಮನೇಲೇ ಬಿದ್ದಿರ್ತಾಳೆ. ಏ, ಬಾ ಇಲ್ಲಿ. ಹೇಳು ಇವರಿಗೆ. ನೀರು ತಾನೆ?”

ಅಂಗಡಿಗಳಲ್ಲಿ ಅವಳು ಮಾತಾಡುವವಳಲ್ಲ. ಬೇಕಾದ್ದನ್ನು ಬೆರಳಲ್ಲಿ ತೋರಿಸಿ ತರುವವಳು. ಗೋಡೆ ಬಿಟ್ಟು ಕೌಂಟರಿನ ಹತ್ತಿರ ಬಂದಳು.

“ಎಣ್ಣೆ,” ಎಂದಳು.

“ಏನಂದೆ?”

“ನೀರಲ್ಲ, ಎಣ್ಣೆ. ಊಟದ ತಟ್ಟೆ ಬಿದ್ದದ್ದು.”

“ತಟ್ಟೆ ನೆಲಕ್ಕಲ್ವಾ ತಾಯಿ ಬೀಳೋದು? ಗೋಡೆಗೆ ಹೇಗೆ...” ಅಂಗಡಿಯವನು ಅರ್ಧಕ್ಕೇ ನಿಲ್ಲಿಸಿದ.

“ಉಪ್ಪು ಜಾಸ್ತಿಯಾದ್ರೆ ನಮ್ಮನೇಲಿ ಗೋಡೆಗೂ ಬೀಳುತ್ತೆ.”

ಗಿರಾಕಿಯ ಕೈಯಲ್ಲಿದ್ದ ಬ್ರಷ್ ಕೈಯಲ್ಲೇ ಉಳಿಯಿತು. ಗಂಡ ನಗಲು ನೋಡಿದ. ತುಟಿ ಅಗಲವಾಯಿತು, ನಗು ಬರಲಿಲ್ಲ. “ಇವಳದ್ದು ಯಾವಾಗಲೂ ಇಂಥದ್ದೇ ತಮಾಷೆ,” ಎಂದವನು ಅವಳ ಕಡೆ ಬಾಗಿ ಹಲ್ಲು ಕಚ್ಚಿದ. “ನಡಿ ಮನೆಗೆ.”

“ಬರ್ತೀನಿ. ಬಣ್ಣ ತಗೊಂಡು ಬರ್ತೀನಿ.” ಅವಳ ದನಿ ಇಳಿಯಲಿಲ್ಲ. “ನಿಮ್ಮ ಪೈಪಿನ ಕಥೆ ನಮ್ಮಪ್ಪನ ಮುಂದೆ ನಾನು ಹೇಳಲ್ಲ. ಅವರು ನನ್ನ ಕೇಳಿದ್ರೆ ಇದನ್ನೇ ಹೇಳ್ತೀನಿ, ಇಲ್ಲಿ ಹೇಳಿದ್ದನ್ನೇ.”

ಅಂಗಡಿಯವನು ಯಾರ ಮುಖವನ್ನೂ ನೋಡದೆ ಒಳಗೆ ಹೋದ. ಮೂರು ಡಬ್ಬ ಹೊತ್ತು ತಂದ. ಸಣ್ಣದನ್ನು ಅವಳ ಮುಂದಿಟ್ಟ. “ಇದು ಎಣ್ಣೆ ಕಲೆ ತಡೆಯೋ ಪ್ರೈಮರ್. ಮೊದಲು ಗೋಡೆಯ ಜಿಡ್ಡು ತೊಳೆದು, ಒಣಗಿಸಿ, ಕೆರೆದು, ಇದನ್ನ ಒಂದು ಕೈ ಹೊಡೆಸಿ. ಆಮೇಲೆ ಬಣ್ಣ. ಹಳೇ ಕಲೆ ಮತ್ತೆ ಏಳಲ್ಲ.”

ಉಳಿದೆರಡನ್ನು ಅಕ್ಕಪಕ್ಕ ಜೋಡಿಸಿದ. “ಮೇಲಿನ ಬಣ್ಣಕ್ಕೆ ಇವೆರಡೂ ಒಳ್ಳೇವೇ. ಇದು ಸಾಧಾರಣದ್ದು, ನೀಟಾಗಿ ಕೂರುತ್ತೆ. ಇದು ದುಬಾರಿ, ಆದ್ರೆ ಏನು ಬಿದ್ರೂ ಒದ್ದೆ ಬಟ್ಟೇಲಿ ಒರೆಸಿಬಿಡಬಹುದು. ಇನ್ನು ಮೇಲೆ ಏನೂ ಬೀಳಲ್ಲ ಅನ್ನೋದಾದ್ರೆ ಇದು ಸುಮ್ಮನೆ ದಂಡ.” ಆಮೇಲೆ ಅವಳನ್ನು ಕೇಳಿದ, “ಯಾವುದು ಕೊಡ್ಲಿ ತಾಯಿ?”

“ನನ್ನ ಯಾಕೆ ಕೇಳ್ತೀರಿ?”

ಅವಳು ಎರಡೂ ಡಬ್ಬಗಳನ್ನು ಎರಡೂ ಕೈಯಲ್ಲಿ ತಳ್ಳಿ ಗಂಡನ ಮುಂದಿಟ್ಟಳು.

“ಹೇಳ್ರೀ,” ಎಂದಳು. “ಯಾವುದು ತಗೊಳ್ಳೋಣ?”